ಮಂಜೇಶ್ವರದಿಂದ ಕಯ್ಯೂರಿನವರೆಗೆ: ಸಾಮ್ರಾಜ್ಯ ಹಾದು ಹೋದ ದಾರಿ

ಕಾಸರಗೋಡು ಜಿಲ್ಲೆಗೆ ಬರುವ ಪ್ರವಾಸಿಗರಲ್ಲಿ ಬಹುಪಾಲು ಜನ ಬೇಕಲ ಕೋಟೆಯನ್ನು ಹತ್ತಿ ಇಳಿದು, ಕಡಲ ಕಿನಾರೆಯಲ್ಲಿ ಒಂದು ಸಂಜೆ ಕಳೆದು ಊರಿಗೆ ಮರಳುತ್ತಾರೆ. ಅವರನ್ನು ದೂರುವಂತಿಲ್ಲ, ಕೋಟೆ ಕಣ್ಣಿಗೆ ಕಾಣುತ್ತದೆ, ಕಂದಾಯ ಕಾಣುವುದಿಲ್ಲ. ಆದರೆ 1799ರಿಂದ 1947ರವರೆಗೆ ಈ ನೆಲವನ್ನು ಆಳಿದವರು ಇಲ್ಲಿನ ಕೋಟೆಗಳನ್ನು ಕಟ್ಟಿದವರಲ್ಲ. ಅವನ್ನು ಕಟ್ಟಿಸಿದವರು ಕೆಳದಿಯ ನಾಯಕರು. ಇಂಗ್ಲಿಷರು ಕಟ್ಟಿದ್ದು ಕಚೇರಿಯನ್ನು, ಲೆಕ್ಕದ ಪುಸ್ತಕವನ್ನು, ಕಾಡಿನ ಗಡಿಕಲ್ಲನ್ನು, ರೈಲು ಹಳಿಯನ್ನು. ನಾನು ಬಹುಕಾಲ ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡಿದವನು. ಸಾಮ್ರಾಜ್ಯಶಾಹಿಯ ಕಾರಣಗಳನ್ನು ಕಪ್ಪುಹಲಗೆಯ ಮೇಲೆ ಬರೆದು ವಿವರಿಸುವಾಗ ಮಕ್ಕಳು ಅದನ್ನು ಕಾಂಗೋದಲ್ಲೋ ಜಾವಾದಲ್ಲೋ ನಡೆದ ಕಥೆಯೆಂಬಂತೆ ಕೇಳುತ್ತಿದ್ದರು. ಅದೇ ಕಥೆ ನಮ್ಮ ಜಿಲ್ಲೆಯ ಉದ್ದಕ್ಕೂ ಹರಡಿಕೊಂಡಿದೆ ಎಂಬುದನ್ನು ಸ್ಥಳದಲ್ಲೇ ನಿಂತು ನೋಡಬೇಕೆಂದು, ಇತಿಹಾಸವನ್ನೇ ಓದುತ್ತಿರುವ ತಂಗಿಯ ಮಗನನ್ನು ಜೊತೆಗೆ ಕರೆದುಕೊಂಡು ಉತ್ತರದಿಂದ ದಕ್ಷಿಣಕ್ಕೆ ಹೊರಟೆ.

ಶುಕ್ರವಾರ: ಮಂಜೇಶ್ವರ, ಕುಂಬಳೆ

ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆಯನ್ನು ನೋಡಿಕೊಂಡು ಬಸ್ಸಿನಲ್ಲಿ ಕುಂಬಳೆಗೆ ಬಂದೆವು. ಆರಿಕ್ಕಾಡಿಯ ಕೋಟೆ ಹೆದ್ದಾರಿಯ ಪಕ್ಕದಲ್ಲೇ ಇದೆ. ಕೆಂಪು ಮುರಕಲ್ಲಿನ ಗೋಡೆಗಳ ಮೇಲೆ ಹುಲ್ಲು ಬೆಳೆದಿದೆ. ಅಲ್ಲಿಂದ ಹೊಳೆಯೂ ಹೊಳೆ ಕಡಲನ್ನು ಸೇರುವ ದಿಕ್ಕೂ ಕಾಣುತ್ತವೆ. ಇಂದು ದೋಣಿಗಳು ಮಾತ್ರ ಇರುವ ಈ ತೀರಕ್ಕೆ 1514ರಲ್ಲಿ ಬಂದ ಪೋರ್ಚುಗೀಸ್ ಯಾತ್ರಿಕ ದುವಾರ್ತೆ ಬಾರ್ಬೋಸನು, ಕುಂಬಳೆಯಿಂದ ಮಾಲ್ಡೀವ್ಸ್ ದ್ವೀಪಗಳಿಗೆ ಅಕ್ಕಿ ಹೋಗುತ್ತಿತ್ತೆಂದೂ ಅಲ್ಲಿಂದ ತೆಂಗಿನ ನಾರು ಬರುತ್ತಿತ್ತೆಂದೂ ಬರೆದಿಟ್ಟಿದ್ದಾನೆ. ಆ ನಾರಿನ ಬೆಲೆಯನ್ನು ಇಂದಿನವರು ಊಹಿಸುವುದು ಕಷ್ಟ. ಅರಬ್ಬೀ ಕಡಲಿನ ಹಡಗುಗಳ ಹಲಗೆಗಳನ್ನು ಕಬ್ಬಿಣದ ಮೊಳೆಯಿಂದಲ್ಲ, ನಾರಿನ ಹುರಿಯಿಂದ ಹೊಲಿದು ಜೋಡಿಸುತ್ತಿದ್ದರು. ಒಂದು ಕಡೆ ಗದ್ದೆ, ಇನ್ನೊಂದು ಕಡೆ ತೆಂಗಿನ ದ್ವೀಪ, ನಡುವೆ ಹಡಗು: ಯಾರೂ ಯಾರನ್ನೂ ಗೆಲ್ಲದೆಯೇ ವ್ಯಾಪಾರ ನಡೆಯುತ್ತಿತ್ತು.

“ಮಾವ, ಹಾಗಿದ್ದರೆ ಪೋರ್ಚುಗೀಸರೂ ಬಂದು ವ್ಯಾಪಾರ ಮಾಡಿ ಹೋಗಬಹುದಿತ್ತಲ್ಲ? ಬಂದೂಕು ಯಾಕೆ ಬೇಕಾಯಿತು?” ಎಂದು ಹುಡುಗ ಕೇಳಿದ. ಇಡೀ ವಿಷಯದ ಬೇರು ಈ ಪ್ರಶ್ನೆಯಲ್ಲಿದೆ. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದಾಗ ಅವನ ಬಳಿ ಇಲ್ಲಿನವರು ಆಸೆಪಡುವಂಥ ಸರಕು ಹೆಚ್ಚೇನೂ ಇರಲಿಲ್ಲ. ಕಾಳುಮೆಣಸಿಗೆ ಯೂರೋಪಿನಲ್ಲಿ ಅಪಾರ ಬೆಲೆಯಿತ್ತು. ಅದರ ಲಾಭ ಅರಬ್ ವರ್ತಕರಿಗೂ ವೆನಿಸ್ ನಗರದವರಿಗೂ ಹಂಚಿಹೋಗುತ್ತಿತ್ತು. ಸರಕಿನಲ್ಲಿ ಪೈಪೋಟಿ ಮಾಡಲಾಗದವರಿಗೆ ಉಳಿದ ದಾರಿ, ಫಿರಂಗಿ ಹೊತ್ತ ಹಡಗುಗಳಿಂದ ಪೈಪೋಟಿಯನ್ನೇ ಇಲ್ಲವಾಗಿಸುವುದು. ಕಾರ್ಟಾಜ್ ಎಂಬ ರಹದಾರಿಯನ್ನು ಹಣ ಕೊಟ್ಟು ಪಡೆಯದ ಹಡಗನ್ನು ಅವರು ಹಿಡಿದು ಸುಲಿಗೆ ಮಾಡುತ್ತಿದ್ದರು. ತಲೆಮಾರುಗಳಿಂದ ಓಡಾಡಿದ ಕಡಲಿನಲ್ಲಿ ಓಡಾಡುವುದಕ್ಕೆ ನಮ್ಮ ನಾವಿಕರು ಹೊರಗಿನವರ ಅಪ್ಪಣೆ ಬೇಡಬೇಕಾಯಿತು. ಉಳ್ಳಾಲದ ರಾಣಿ ಅಬ್ಬಕ್ಕ ಹೋರಾಡಿದ್ದು ಇಂಥ ದಬ್ಬಾಳಿಕೆಯ ವಿರುದ್ಧ. ಧರ್ಮಪ್ರಸಾರದ ಉತ್ಸಾಹವೂ ಪೋರ್ಚುಗಲ್ಲಿಗೆ ಇತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಧರ್ಮ ಒಂದೇ ಕಾರಣವಾಗಿದ್ದರೆ ಕಾಳುಮೆಣಸಿನ ಬಂದರುಗಳಲ್ಲೇ ಅವರ ಕೋಟೆಗಳು ಸಾಲುಗಟ್ಟುತ್ತಿರಲಿಲ್ಲ. ಅವರ ಹಿಂದೆ ಬಂದ ಡಚ್ಚರು ಧರ್ಮದ ಮಾತನ್ನು ಕಡಿಮೆ ಆಡಿದರು, ಕ್ರೌರ್ಯದಲ್ಲಿ ಕಡಿಮೆಯಾಗಲಿಲ್ಲ. ಜಾಯಿಕಾಯಿ ಬೆಳೆಯುವ ಬಾಂದಾ ದ್ವೀಪಗಳಲ್ಲಿ 1621ರಲ್ಲಿ ಅವರು ಮೂಲನಿವಾಸಿಗಳ ಬಹುಭಾಗವನ್ನು ಕೊಂದು ಇಲ್ಲವೇ ಹೊರದೂಡಿ, ತೋಟಗಳಿಗೆ ಗುಲಾಮರನ್ನು ತಂದರು.

ಸಂಜೆ ಕುಂಬಳೆ ಪೇಟೆಯಲ್ಲಿ ಚಹಾ ಕುಡಿಯುವಾಗ ಪಕ್ಕದ ಅಂಗಡಿಯಲ್ಲಿ ಗೇರುಬೀಜ ತೂಗುತ್ತಿದ್ದರು. ಗೇರುಮರವೂ ಪೋರ್ಚುಗೀಸರು ಬ್ರೆಜಿಲಿನಿಂದ ತಂದದ್ದೇ. ಮೆಣಸಿನಕಾಯಿ, ಪಪ್ಪಾಯಿ, ಅನಾನಸುಗಳೂ ಹಾಗೆಯೇ ಕಡಲು ದಾಟಿ ಬಂದು ನಮ್ಮ ಅಡುಗೆಮನೆ ಸೇರಿದವು. ಇದನ್ನು ಸಾಮ್ರಾಜ್ಯದ ಉಪಕಾರವೆಂದು ಹೇಳುವವರಿದ್ದಾರೆ. ಬೀಜ ಬರುವುದಕ್ಕೆ ಹಡಗು ಸಾಕಿತ್ತು, ಫಿರಂಗಿ ಬೇಕಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಶನಿವಾರ: ಬದಿಯಡ್ಕದ ಕಡೆಯ ಒಂದು ಮನೆ

ಈ ಪ್ರವಾಸದಲ್ಲಿ ನನಗೆ ಅತಿ ಮುಖ್ಯವೆನಿಸಿದ ಸ್ಥಳ ಯಾವ ಪ್ರವಾಸಿ ನಕ್ಷೆಯಲ್ಲೂ ಇಲ್ಲ. ಬದಿಯಡ್ಕದಿಂದ ಒಳಗೆ, ಅಡಕೆ ತೋಟದ ನಡುವಿನ ಒಂದು ಹಳೆಯ ಹೆಂಚಿನ ಮನೆಯಲ್ಲಿ ಪರಿಚಯದ ಹಿರಿಯರೊಬ್ಬರಿದ್ದಾರೆ. ಅವರು ಮರದ ಪೆಟ್ಟಿಗೆಯಿಂದ ಬಟ್ಟೆಯ ಗಂಟೊಂದನ್ನು ತೆಗೆದು ಜಗಲಿಯ ಮೇಲೆ ಬಿಚ್ಚಿದರು. “ನೋಡಿ ಮಾಸ್ಟ್ರೇ, ಇದು ನನ್ನ ಅಜ್ಜನ ಅಪ್ಪನ ಕಾಲದ್ದು. ಓದಲಿಕ್ಕೆ ನನ್ನ ಕಣ್ಣು ಸಾಲುವುದಿಲ್ಲ, ನೀವೇ ಓದಿ” ಎಂದರು.

ಅಂಗೈಯಗಲದ ಕಂದುಬಣ್ಣದ ಕಾಗದ. ಮಡಿಕೆಯ ಗೆರೆಯಲ್ಲಿ ಹರಿದು, ಹಿಂಬದಿಗೆ ಅಂಟಿಸಿದ ತೇಪೆಯಿಂದ ನಿಂತಿತ್ತು. ಮೇಲೆ ಫಸಲಿ (ಕಂದಾಯದ ವರ್ಷ) 1290 ಎಂದಿತ್ತು, ಅಂದರೆ 1880–81. ಕೆಳಗೆ ಗ್ರಾಮದ ಹೆಸರು, ವರ್ಗದ (ಜಮೀನಿನ ಹಿಡುವಳಿಯ) ನಂಬ್ರ, ಕಿಸ್ತು ಎಷ್ಟನೆಯದು, ಸಂದಾಯವಾದ ತೀರುವೆ, ಎಂದರೆ ಭೂಕಂದಾಯ, ರೂಪಾಯಿ ಆಣೆ ಪೈಗಳಲ್ಲಿ ಎಷ್ಟು ಎಂಬುದು, ಕೊನೆಗೆ ಶ್ಯಾನುಭೋಗರ ರುಜು. ಬರಹವೆಲ್ಲ ಕನ್ನಡದ್ದೇ, ಅಕ್ಷರಗಳನ್ನು ಕೂಡಿಸಿ ಎಳೆದ ಮೋಡಿಯ ಕೈ. ಅದೇ ಗಂಟಿನಲ್ಲಿದ್ದ ಗೇಣಿಚೀಟಿಯಲ್ಲಿ ಲೆಕ್ಕ ಮುಡಿ (ಹುಲ್ಲಿನಿಂದ ಕಟ್ಟಿದ ಮೂಟೆ) ಅಕ್ಕಿಯಲ್ಲಿತ್ತು. ಒಕ್ಕಲು ಧಣಿಗೆ ಅಕ್ಕಿ ಅಳೆಯುತ್ತಿದ್ದ, ಧಣಿ ಸರಕಾರಕ್ಕೆ ರೂಪಾಯಿ ಎಣಿಸುತ್ತಿದ್ದ. ಎರಡು ತುಂಡು ಕಾಗದಗಳ ನಡುವಿನ ಆ ಅಂತರದಲ್ಲೇ ವಸಾಹತಿನ ಆಡಳಿತ ನಿಂತಿತ್ತು.

ಈ ಲೆಕ್ಕ ಶುರುವಾದದ್ದು ಹೀಗೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಮಡಿದ 1799ರಲ್ಲೇ ನಮ್ಮ ಕರಾವಳಿಯನ್ನು ಒಳಗೊಂಡ ಕೆನರಾ ಪ್ರದೇಶ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು, ಥಾಮಸ್ ಮನ್ರೋ ಮೊದಲ ಕಲೆಕ್ಟರನಾಗಿ ಬಂದ. ವರ್ಷದ ಕಂದಾಯ ಗೊತ್ತುಮಾಡುವ ಜಮಾಬಂದಿಗೆ ಬರಹೇಳಿದರೆ ರೈತರು ಹತ್ತಿರ ಸುಳಿಯಲೇ ಇಲ್ಲ. ಶಿಸ್ತು ಎಂಬ ಹಳೆಯ ಮೂಲ ಕಂದಾಯ ಎಷ್ಟು, ಅದರ ಮೇಲೆ ಕೆಳದಿಯವರೂ ಹೈದರನೂ ಟಿಪ್ಪುವೂ ಸೇರಿಸಿದ ಶಾಮೀಲು ಎಂಬ ಹೆಚ್ಚುವರಿ ಎಷ್ಟು ಎಂದು ಅವನು ಶ್ಯಾನುಭೋಗರ ಕಡತಗಳನ್ನು ಬಿಡಿಸಿ ನೋಡಿದ, ಸ್ವಲ್ಪ ಇಳಿಸಿದ, ಉಳಿದದ್ದನ್ನು ಮುಂದುವರಿಸಿದ. 1819–20ರ ತರಾವು ಎಂಬ ನಿಗದಿಯಲ್ಲಿ ಕಂಪನಿ ತಾನು ಅಲ್ಲಿಯವರೆಗೆ ವಸೂಲು ಮಾಡಿದ್ದರ ಸರಾಸರಿಯನ್ನೇ ಆಧಾರ ಮಾಡಿಕೊಂಡಿತು. ಉಪ್ಪು ಮತ್ತು ಹೊಗೆಸೊಪ್ಪಿನ ವ್ಯಾಪಾರವನ್ನೂ ಅದು ತನ್ನ ಮುಷ್ಟಿಯಲ್ಲಿಟ್ಟುಕೊಂಡಿತು. ಧಾನ್ಯದ ಬೆಲೆ ಕುಸಿದಾಗ ರೂಪಾಯಿಯಲ್ಲಿ ಗೊತ್ತಾದ ತೀರುವೆ ಕುಸಿಯಲಿಲ್ಲ. ಅದನ್ನು ತೀರಿಸಲು ಮೊದಲಿಗಿಂತ ಹೆಚ್ಚು ಮುಡಿ ಅಕ್ಕಿ ಮಾರಬೇಕಾಯಿತು.

ನಮ್ಮ ರೈತರು ಇದನ್ನು ಸುಮ್ಮನೆ ಸಹಿಸಲಿಲ್ಲ. 1830–31ರಲ್ಲಿ ಊರೂರಿನ ಒಕ್ಕಲುಗಳು ಕೂಟಗಳನ್ನು ಕಟ್ಟಿ, ದೇವಸ್ಥಾನಗಳಲ್ಲಿ ಸೇರಿ, ಕಂದಾಯ ಕೊಡುವುದಿಲ್ಲವೆಂದು ಒಟ್ಟಾಗಿ ನಿಂತರು; ಮಂಗಳೂರಿನ ಕದ್ರಿ ಮಂಜುನಾಥನ ಸನ್ನಿಧಿಯೂ ಅಂಥ ಸಭೆಗೆ ಸಾಕ್ಷಿಯಾಯಿತು. ಬಹುಮಟ್ಟಿಗೆ ಆಯುಧ ಹಿಡಿಯದ, ಗಾಂಧೀಜಿ ಹುಟ್ಟುವ ಎಷ್ಟೋ ವರ್ಷ ಮೊದಲಿನ ಈ ಕರನಿರಾಕರಣೆಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಇನ್ನೂ ತಕ್ಕ ಜಾಗ ಸಿಕ್ಕಿಲ್ಲವೆಂಬುದು ನನ್ನನ್ನು ಬಹಳ ನೋಯಿಸುವ ಸಂಗತಿ. ಮುಂದೆ 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕಂಪನಿಯು ಅಮರ ಸುಳ್ಯದ ಸೀಮೆಯನ್ನು ಕೆನರಾಕ್ಕೆ ಸೇರಿಸಿ, ಅದುವರೆಗೆ ಧಾನ್ಯದ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕೆಂದಿತು. ನಗದು ಬೇಕಾದವನು ಸಾಹುಕಾರನ ಬಾಗಿಲಿಗೆ ಹೋಗಲೇಬೇಕು. 1837ರ ಏಪ್ರಿಲಿನಲ್ಲಿ ಕೊಡಗಿನ ರಾಜವಂಶದವನೆಂದು ಹೇಳಿಕೊಂಡ ಕಲ್ಯಾಣಸ್ವಾಮಿಯ ಹೆಸರಿನಲ್ಲಿ, ಕೆದಂಬಾಡಿ ರಾಮಯ್ಯ ಗೌಡರಂಥವರ ಮುಂದಾಳ್ತನದಲ್ಲಿ ಹೊರಟ ದಂಡು ಮಂಗಳೂರನ್ನೇ ಹಿಡಿದು, ಬಾವುಟಗುಡ್ಡೆಯಲ್ಲಿ ತನ್ನ ಧ್ವಜ ಏರಿಸಿತು. ಎರಡು ವಾರಗಳೊಳಗೆ ಹೊರಗಿನಿಂದ ಸೈನ್ಯ ಬಂತು. ದಂಗೆ ಅಡಗಿತು, ನೇಣುಗಂಬಗಳು ಎದ್ದವು.

“ಟಿಪ್ಪುವೂ ತೆರಿಗೆ ತೆಗೆದುಕೊಂಡ, ಕೆಳದಿಯವರೂ ತೆಗೆದುಕೊಂಡರು. ಇವರು ತೆಗೆದುಕೊಂಡರೆ ಮಾತ್ರ ಏನು ವ್ಯತ್ಯಾಸ?” ಎಂದು ಹಿರಿಯರು ನೇರವಾಗಿಯೇ ಕೇಳಿದರು. ನ್ಯಾಯವಾದ ಪ್ರಶ್ನೆ. ಕೆಳದಿಯವರು ಘಟ್ಟದ ಮೇಲಿನಿಂದ ಬಂದು ಈ ಸೀಮೆಯನ್ನು ಗೆದ್ದವರೇ. ಅವರ ಆಳ್ವಿಕೆ ಹೂವಿನ ಹಾಸಿಗೆಯಾಗಿರಲಿಲ್ಲ. ಆದರೆ ಅವರು ಎತ್ತಿದ ಹಣ ಕೋಟೆಗೋ, ಕೆರೆಗೋ, ಮಠಕ್ಕೋ, ದಂಡಿಗೋ ಆಗಿ ಈ ನಾಡಿನಲ್ಲೇ ತಿರುಗುತ್ತಿತ್ತು. ಕಂಪನಿಯ ಲೆಕ್ಕವೇ ಬೇರೆ. ಭಾರತದ ಬಟ್ಟೆ ಕೊಳ್ಳಲು ಅದು ಮೊದಲು ಯೂರೋಪಿನಿಂದ ಬೆಳ್ಳಿ ತರಬೇಕಾಗಿತ್ತು. 1765ರಲ್ಲಿ ಬಂಗಾಳದ ದಿವಾನಿ, ಎಂದರೆ ಕಂದಾಯ ಎತ್ತುವ ಹಕ್ಕು, ಸಿಕ್ಕಿದ ಮೇಲೆ, ಬಂಗಾಳದ ರೈತ ಕೊಟ್ಟ ಕಂದಾಯದಿಂದಲೇ ಬಂಗಾಳದ ಸರಕನ್ನು ಕೊಂಡು ಲಂಡನ್ನಿಗೆ ಸಾಗಿಸಿತು. ಕೊಂಡದ್ದಕ್ಕೆ ಬೆಲೆ ಕೊಟ್ಟವನು ಮಾರಿದವನೇ! ದೇಶ ಗೆಲ್ಲುವುದರಲ್ಲಿ ವರ್ತಕರಿಗೆ ಯಾಕೆ ಇಷ್ಟು ಆಸಕ್ತಿ ಹುಟ್ಟಿತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ನನಗೆ ತಿಳಿದಿಲ್ಲ. ಅತ್ತ ಡಚ್ಚರು ಜಾವಾದಲ್ಲಿ 1830ರಿಂದ ಹಳ್ಳಿಗರ ಭೂಮಿಯ ಐದನೆಯ ಒಂದು ಪಾಲಿನಲ್ಲಿ ಕಾಫಿ, ಕಬ್ಬು, ನೀಲಿಯಂಥ ರಫ್ತಿನ ಬೆಳೆಗಳನ್ನು ಬೆಳೆಸಿ ಒಪ್ಪಿಸಬೇಕೆಂಬ ಕಟ್ಟಳೆ ತಂದರು. ಇಲ್ಲಿ ಕಟ್ಟಳೆಯ ಬದಲು ನಗದು ತೀರುವೆಯೇ ಆ ಕೆಲಸ ಮಾಡಿತು. ರೂಪಾಯಿ ಬೇಕೆಂದರೆ ಮಾರುವ ಬೆಳೆಯನ್ನೇ ಬೆಳೆಯಬೇಕು.

ಇನ್ನೊಂದು ಮಾತನ್ನೂ ಅಲ್ಲಿ ಒಪ್ಪಿಕೊಳ್ಳಬೇಕಾಯಿತು. ಈ ಲೆಕ್ಕವನ್ನು ಬರೆದ ಕೈಗಳು ನಮ್ಮವರದೇ. ಶ್ಯಾನುಭೋಗ, ಪಟೇಲ, ಉಗ್ರಾಣಿ ಇವರಿಲ್ಲದೆ ಸಪ್ತಸಾಗರದಾಚೆಯ ಕೆಲವೇ ಅಧಿಕಾರಿಗಳು ಇಷ್ಟು ದೊಡ್ಡ ಜಿಲ್ಲೆಯನ್ನು ಒಂದು ದಿನವೂ ಆಳಲಾರರು. ಸರಕಾರಕ್ಕೆ ತೀರುವೆ ಕಟ್ಟುವ ವರ್ಗದಾರರಿಗೆ ಕಾಗದದ ಹಕ್ಕು ಗಟ್ಟಿಯಾಯಿತು, ಶಾಶ್ವತ ಹಕ್ಕಿಲ್ಲದ ಚಾಲಗೇಣಿಯ ಒಕ್ಕಲಿಗೆ ಆಗಲಿಲ್ಲ. ಕಾಡಿನ ಅಂಚಿನಲ್ಲಿ ಕುಮರಿ ಕಡಿದು, ಎಂದರೆ ಗಿಡಮರ ಕಡಿದು ಸುಟ್ಟು, ರಾಗಿ, ಭತ್ತ ಬಿತ್ತುತ್ತಿದ್ದವರಿಗಂತೂ ಕಾಗದವೇ ಇರಲಿಲ್ಲ. 1860ರ ಸುಮಾರಿಗೆ ಸರಕಾರಿ ಕಾಡುಗಳಲ್ಲಿ ಕುಮರಿಗೆ ನಿಷೇಧ ಬಂತು, 1882ರ ಮದರಾಸು ಅರಣ್ಯ ಕಾಯಿದೆ ಗಡಿಕಲ್ಲುಗಳನ್ನು ಭದ್ರಪಡಿಸಿತು. ತರಗೆಲೆಗೆ, ಸೌದೆಗೆ ಕಾಡಿಗೆ ಹೋಗುವುದು ಅಪರಾಧವಾಗುವ ಸ್ಥಿತಿ ಬಂದದ್ದರಿಂದಲೇ 1930ರ ದಶಕದಲ್ಲಿ ಇಲ್ಲಿಗೆ ದೂರವಲ್ಲದ ಕಾಡಗಂನಲ್ಲಿ ಜನ ಅರಣ್ಯ ಸತ್ಯಾಗ್ರಹಕ್ಕೆ ಇಳಿದರು.

ಮಧ್ಯಾಹ್ನದ ಮೇಲೆ ಎಣ್ಮಕಜೆಯ ಕಡೆಗೂ ಹೋಗಿ ಬಂದೆವು. ಅಲ್ಲಿನ ಸರಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು, ಅದರ ಕೆಳಗೆ ಬದುಕಿದ ಕುಟುಂಬಗಳು ಪಟ್ಟ ಪಾಡು ಎಲ್ಲರಿಗೂ ತಿಳಿದದ್ದೇ. ಅದು ನಮ್ಮದೇ ಸರಕಾರದ ಕಾಲದಲ್ಲಿ ನಡೆದದ್ದು, ಪರದೇಶದವರ ತಲೆಗೆ ಕಟ್ಟುವಂತಿಲ್ಲ. ಆದರೆ ಆ ನೆಲದಲ್ಲಿ ಇರುವವರನ್ನು ಕೇಳದೆ, ದೂರದ ಕಚೇರಿಯಲ್ಲಿ ಕುಳಿತು ಇಡೀ ಗುಡ್ಡಕ್ಕೆ ಒಂದೇ ಬೆಳೆಯನ್ನೂ ಒಂದೇ ಔಷಧಿಯನ್ನೂ ಗೊತ್ತುಮಾಡುವ ಪದ್ಧತಿಯನ್ನು ನಾವು ಯಾರಿಂದ ಕಲಿತೆವೆಂದು ಕೇಳಿಕೊಳ್ಳಲೇಬೇಕು.

ಭಾನುವಾರ: ಚಂದ್ರಗಿರಿ, ಬೇಕಲ

ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯವನ್ನು ಹಾದು ಬರುವ ಪಯಸ್ವಿನಿಯು ಕಾಸರಗೋಡಿನ ಬಳಿ ಚಂದ್ರಗಿರಿ ಎನಿಸಿಕೊಂಡು ಕಡಲು ಸೇರುತ್ತದೆ. ತುಳುನಾಡಿಗೂ ಮಲಯಾಳ ದೇಶಕ್ಕೂ ಇದೇ ಗಡಿ ಎಂಬುದು ಬಹುಕಾಲದ ನಂಬಿಕೆ. ದಕ್ಷಿಣ ದಂಡೆಯ ಚಂದ್ರಗಿರಿ ಕೋಟೆಯ ಮೇಲೆ ನಿಂತರೆ ಎರಡೂ ಕಡೆಯ ತೆಂಗಿನ ತೋಪುಗಳಲ್ಲಿ ಯಾವ ಭೇದವೂ ತೋರುವುದಿಲ್ಲ. ಇಂಗ್ಲಿಷ್ ಆಡಳಿತಕ್ಕೆ ಭಾಷೆಯ ಗಡಿಯಿಂದ ಆಗಬೇಕಾದದ್ದೇನೂ ಇರಲಿಲ್ಲ. ಅದಕ್ಕೆ ಬೇಕಾದದ್ದು ವಸೂಲಿಗೆ ಅನುಕೂಲವಾದ ಗಡಿ. ಕೆನರಾವನ್ನು ಇಬ್ಭಾಗ ಮಾಡಿ ಉತ್ತರದ ಭಾಗವನ್ನು 1862ರಲ್ಲಿ ಬೊಂಬಾಯಿಗೆ ಕೊಟ್ಟರು, ದಕ್ಷಿಣದ್ದು ಮದರಾಸಿನಲ್ಲೇ ಉಳಿಯಿತು. ಒಂದೇ ಭಾಷೆಯ ಜನ ಎರಡು ಪ್ರಾಂತಗಳ, ಹಲವು ಸಂಸ್ಥಾನಗಳ ನಡುವೆ ಹರಿದು ಹಂಚಿಹೋದರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಹಾಗೂ 1967ರಲ್ಲಿ ಮಹಾಜನ ಆಯೋಗವು ಈ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಶಿಫಾರಸು ಮಾಡಿದಾಗ ಎದ್ದ ವಾದವಿವಾದಗಳ ಹಿಂದೆ ಈ ಹಳೆಯ ಗೀಟುಗಳಿವೆ. ಶಿಫಾರಸು ಜಾರಿಗೆ ಬರಲಿಲ್ಲವೆಂಬ ನೋವು ಇಲ್ಲಿನ ಕನ್ನಡಿಗರಿಗೆ ಇಂದಿಗೂ ಇದೆ, ನನಗೂ ಇದೆ.

ಬೇಕಲದಲ್ಲಿ ರಜಾದಿನದ ಜನಸಂದಣಿ. ಬಾಗಿಲ ಬಳಿಯ ಮುಖ್ಯಪ್ರಾಣನಿಗೆ ಕೈಮುಗಿದು ಒಳಗೆ ಹೋದೆವು. ಸುಮಾರು 1650ರಲ್ಲಿ ಶಿವಪ್ಪನಾಯಕನು ಕಟ್ಟಿಸಿದ, 40 ಎಕರೆಯಷ್ಟು ಹರಡಿದ ಈ ಕೋಟೆಯ ನಡುವಿನ ಎತ್ತರದ ಬುರುಜಿನಿಂದ ಬಹುದೂರದ ಕಡಲು ಕಾಣುತ್ತದೆ. 1763ರಲ್ಲಿ ಇದು ಹೈದರಾಲಿಗೆ ಸಿಕ್ಕಿತು, 1799ರ ನಂತರ ಕಂಪನಿಗೆ. ಕಂಪನಿಗೆ ಕಡಲನ್ನು ಕಾಯುವ ಗರಜು ಅಷ್ಟಾಗಿ ಇರಲಿಲ್ಲ, ಏಕೆಂದರೆ ಕಡಲು ಆಗಲೇ ಅದರದಾಗಿತ್ತು. ಬೇಕಲವು ದಕ್ಷಿಣದ ತುದಿಯ ತಾಲೂಕಿನ ಕೇಂದ್ರವಾಗಿ, ಕಾವಲಿನ ಊರು ಕಡತದ ಊರಾಯಿತು.

ಆ ಕಡತಗಳಿಗೆ ಮುನ್ನುಡಿ ಬರೆದಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ. ನೀಲೇಶ್ವರ, ಬೇಕಲ, ಚಂದ್ರಗಿರಿ, ಮಂಜೇಶ್ವರಗಳ ದಾರಿಯಲ್ಲೇ ಅವನೂ ನಡೆದ. ನಾವು ಹೊರಟದ್ದು ಅವನಿಗೆ ಎದುರು ದಿಕ್ಕಿನಲ್ಲಿ. ಯಾವ ಮಣ್ಣಿನಲ್ಲಿ ಏನು ಬೆಳೆಯುತ್ತದೆ, ಕೂಲಿ ಎಷ್ಟು, ಎತ್ತು ಎಷ್ಟು, ಯಾವ ಜಾತಿಯವರು ಯಾವ ಕಸುಬಿನವರು ಎಂದೆಲ್ಲ ವಿಚಾರಿಸಿದ ಅವನ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ನಮ್ಮ ಇತಿಹಾಸ ಬರೆಯುವವರಿಗೆ ಅದು ಇಂದು ಅಮೂಲ್ಯ ಆಕರ, ನಾನೂ ಅದರಿಂದ ಉಪಕೃತನೇ. ಆದರೂ ಉತ್ತರ ಹೇಳಿದ ರೈತನಿಗೆ ತಾನು ಹೇಳಿದ್ದು ಯಾವ ಉಪಯೋಗಕ್ಕೆ ಎಂಬುದು ತಿಳಿದಿರಲಿಲ್ಲ. ಆಳುವವರು ನೆಲವನ್ನು ಅರಿಯುವುದಕ್ಕೂ ಅಳೆಯುವುದಕ್ಕೂ ನಡುವೆ ಹೆಚ್ಚು ದಿನಗಳ ಅಂತರವಿರಲಿಲ್ಲ.

ಸೋಮವಾರ: ನೀಲೇಶ್ವರ, ಕಯ್ಯೂರು

ಕಾಸರಗೋಡಿನಿಂದ ನೀಲೇಶ್ವರಕ್ಕೆ ರೈಲು ಹಿಡಿದೆವು. 1907ರಲ್ಲಿ ಈ ಹಳಿ ಮಂಗಳೂರನ್ನು ಮುಟ್ಟಿತು. ರೈಲು ತಂದವರು ಇಂಗ್ಲಿಷರಲ್ಲವೇ ಎಂಬ ವಾದವನ್ನು ಹುಡುಗ ಕಾಲೇಜಿನಲ್ಲಿ ಕೇಳಿದ್ದಾನೆ. ತಂದರು, ನಿಜ. ಭಾರತದ ಮೊದಲ ರೈಲು ಕಂಪನಿಗಳಲ್ಲಿ ಹಣ ಹೂಡಿದ ಬ್ರಿಟನ್ನಿನವರಿಗೆ ನೂರಕ್ಕೆ 5ರಂತೆ ಬಡ್ಡಿ ಖಾತರಿಯಾಗಿತ್ತು. ಲಾಭ ಬಾರದಿದ್ದರೆ ಕೊರತೆ ತುಂಬಿದ್ದು ಇಲ್ಲಿನ ಬೊಕ್ಕಸ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಸಾಮ್ರಾಜ್ಯದ ಹಸಿವು ಬದಲಾಗಿತ್ತು: ಗಿರಣಿಯ ಬಟ್ಟೆಗೆ ಮಾರುಕಟ್ಟೆ ಬೇಕು, ಬಂಡವಾಳಕ್ಕೆ ನೆಲೆ ಬೇಕು, ಎದುರಾಳಿ ದೇಶಕ್ಕಿಂತ ಮೊದಲು ಜಾಗ ಹಿಡಿಯಬೇಕು. 1884–85ರ ಬರ್ಲಿನ್ ಸಮಾವೇಶದಲ್ಲಿ ಯೂರೋಪಿನ ದೇಶಗಳು ಆಫ್ರಿಕವನ್ನು ಹಿಡಿಯುವ ನಿಯಮಗಳನ್ನು ತಮ್ಮತಮ್ಮಲ್ಲೇ ಗೊತ್ತುಮಾಡಿಕೊಂಡವು. ಆ ಸಭೆಯಲ್ಲಿ ಒಬ್ಬ ಆಫ್ರಿಕದ ಪ್ರತಿನಿಧಿಗೂ ಪೀಠ ಇರಲಿಲ್ಲ.

ನೀಲೇಶ್ವರದಿಂದ ಕಯ್ಯೂರಿಗೆ ಬಸ್ಸು. ತೇಜಸ್ವಿನಿ ಎಂದೂ ಕರೆಸಿಕೊಳ್ಳುವ ಕಾರ್ಯಂಗೋಡು ಹೊಳೆಯ ದಡದ ಈ ಊರು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ, ಕಾಸರಗೋಡು ತಾಲೂಕಿಗೆ ಸೇರಿತ್ತು. ಇಲ್ಲಿ ರೈತನ ಎದುರಿಗಿದ್ದವನು ಬಿಳಿಯನಲ್ಲ, ಜನ್ಮಿ ಎಂಬ ಜಮೀನ್ದಾರ. ಗೇಣಿಯ ಮೇಲೆ ವಾಶಿ, ನುರಿ ಎಂಬ ಹೆಸರಿನ ವಸೂಲಿಗಳು, ಮನಸ್ಸಿಗೆ ಬಂದಾಗ ಒಕ್ಕಲೆಬ್ಬಿಸುವ ಅಧಿಕಾರ. ಅದರ ಬೆನ್ನಿಗೆ ಸರಕಾರದ ಪೊಲೀಸು. 1939ರಲ್ಲಿ ಭಾರತೀಯರನ್ನು ಒಂದು ಮಾತೂ ಕೇಳದೆ ವೈಸರಾಯ್ ಲಿನ್‌ಲಿತ್‌ಗೋ ದೇಶವನ್ನು ಯುದ್ಧಕ್ಕೆ ಎಳೆದ ಮೇಲೆ ಬೆಲೆಗಳೂ ಬಿಗಿದವು. 1941ರ ಮಾರ್ಚಿನಲ್ಲಿ ರೈತ ಸಂಘದವರ ಮೆರವಣಿಗೆಯ ಹೊತ್ತಿಗೆ ಸುಬ್ಬರಾಯನ್ ಎಂಬ ಪೊಲೀಸ್ ಪೇದೆ ಹೊಳೆಗೆ ಹಾರಿ ಸತ್ತ. ಆ ಸಾವಿಗೆ ಕಾರಣರೆಂದು ರೈತರ ಮೇಲೆ ಹೂಡಿದ ಮೊಕದ್ದಮೆ ಮಂಗಳೂರಿನಲ್ಲಿ ನಡೆಯಿತು. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಮಠತ್ತಿಲ್ ಅಪ್ಪು, ಚಿರುಕಂಡನ್, ಕುಞಂಬು ನಾಯರ್, ಅಬೂಬಕ್ಕರ್ ಈ ನಾಲ್ವರನ್ನು ಗಲ್ಲಿಗೇರಿಸಿದರು. ಐದನೆಯವನಿಗೆ ವಯಸ್ಸು ಸಾಲದೆಂದು ಜೀವ ಉಳಿಯಿತು. ಸತ್ತ ಪೇದೆಯೂ ಇದೇ ಜಿಲ್ಲೆಯಲ್ಲಿ ಸಂಬಳಕ್ಕೆ ದುಡಿದವನು. ಅವನ ಮನೆಯವರ ಅಳಲನ್ನೂ ಮರೆಯುವುದು ತಪ್ಪು. ಸಾಮ್ರಾಜ್ಯವು ಇಲ್ಲಿ ಇಬ್ಬರು ಬಡವರನ್ನು ಎದುರುಬದುರು ನಿಲ್ಲಿಸಿ ತಾನು ದೂರ ನಿಂತಿತ್ತು.

ಸ್ಮಾರಕದ ಬಳಿ ಸಿಕ್ಕ ವಯಸ್ಸಾದ ಕೃಷಿಕರೊಬ್ಬರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು; ಎಳವೆಯಲ್ಲಿ ಕಾಸರಗೋಡಿನಲ್ಲಿ ಕೆಲಸ ಮಾಡಿದವರಂತೆ. ಸ್ವಾತಂತ್ರ್ಯ ಬಂದ ವರ್ಷ ನಿಮ್ಮ ಮನೆಯಲ್ಲಿ ಏನು ಬದಲಾಯಿತೆಂದು ಕೇಳಿದೆ. “ಆ ವರ್ಷ ಏನೂ ಬದಲಾಗಲಿಲ್ಲ ಸಾರ್. ಅಪ್ಪ ಗೇಣಿ ಅಳೆಯುತ್ತಲೇ ಇದ್ದರು. ನಮ್ಮ ಹೆಸರಿಗೆ ಜಾಗ ಆದದ್ದು ಕಾನೂನು ಬಂದ ಮೇಲೆ” ಎಂದರು. ಅವರು ಹೇಳಿದ ಕಾನೂನು, 1970ರ ಜನವರಿ 1ರಂದು ಜಾರಿಗೆ ಬಂದ ಕೇರಳದ ಭೂಸುಧಾರಣಾ ತಿದ್ದುಪಡಿ. ಗೇಣಿ ಪದ್ಧತಿ ಕೊನೆಗೊಂಡು ಉಳುವವನಿಗೆ ಹಕ್ಕು ಸಿಕ್ಕಿದ್ದು ಅಂದು. ಮನ್ರೋ ಜಮಾಬಂದಿಗೆ ಕುಳಿತ ದಿನದಿಂದ ಲೆಕ್ಕ ಹಾಕಿದರೆ 170 ವರ್ಷ. ಯೂನಿಯನ್ ಜಾಕ್ ಇಳಿದ ಮೇಲೆಯೂ 22 ವರ್ಷ ದಾಟಿತ್ತು. ಬದಿಯಡ್ಕದ ಕಡೆ ಗೇಣಿಚೀಟಿ ಬರೆಸಿಕೊಂಡ ಒಕ್ಕಲುಗಳ ಮೊಮ್ಮಕ್ಕಳಿಗೂ ಇದೇ ಕಾನೂನಿನಿಂದ ಪಟ್ಟೆ ಸಿಕ್ಕಿತು. ಕುಮರಿ ಕಡಿಯುತ್ತಿದ್ದವರ ಮಕ್ಕಳಿಗೆ ಗೇಣಿಚೀಟಿಯೂ ಇರಲಿಲ್ಲವಾದ್ದರಿಂದ ಆ ಕಾನೂನು ಅವರನ್ನು ಮುಟ್ಟಲಿಲ್ಲ. ಕಾಡಿನ ಮೇಲಿನ ಹಕ್ಕನ್ನು ಕೇಳಲು ಅವರು 2006ರ ಅರಣ್ಯ ಹಕ್ಕು ಕಾಯಿದೆಯವರೆಗೆ ಕಾಯಬೇಕಾಯಿತು.